ಹೆಡ್‌ಲೈಟ್ ಮಂಕಾಗಿದೆಯೇ? ಉಜ್ಜಿಸುವುದೋ, ಬಲ್ಬ್ ಬದಲಿಸುವುದೋ, ಸೆಟ್ಟೇ ಹೊಸದು ಹಾಕುವುದೋ

ರಾತ್ರಿ ಊಟ ಮುಗಿಸಿ ಕುಮಟಾದಿಂದ ಶಿರಸಿಗೆ ಹೊರಟ ಕಾರು ಅರವತ್ತು ಕಿಲೋಮೀಟರಿನೊಳಗೆ ಮೂರು ಬಗೆಯ ಕತ್ತಲೆ ದಾಟುತ್ತದೆ. ದೀವಗಿಯವರೆಗೆ ಹೆದ್ದಾರಿ 66ರಲ್ಲಿ ಎದುರು ಬರುವ ಮೀನು ಲಾರಿಗಳ ಬೆಳಕು. ಕತಗಾಲ ಕಳೆದ ಮೇಲೆ ಬೀದಿದೀಪದ ಸುಳಿವೇ ಇಲ್ಲದ ಕಾಡು. ದೇವಿಮನೆ ಘಟ್ಟದಲ್ಲಿ, ಮಳೆಗಾಲವಾದರೆ, ಬಾನೆಟ್ಟಿನ ಮೇಲೇ ಬಂದು ಕೂರುವ ಮಂಜು. ಯಲ್ಲಾಪುರದ ಕಡೆಯವರಿಗೆ ಅರಬೈಲು, ಹೊನ್ನಾವರದವರಿಗೆ ಗೇರುಸೊಪ್ಪೆ, ಕಾರವಾರದಿಂದ ಜೋಯಿಡಾಕ್ಕೆ ಹೋಗುವವರಿಗೆ ಅಣಶಿ. ಘಟ್ಟ ಬೇರೆಯಾದರೂ ಪಾಡು ಅದೇ.

"ಲೈಟು ಸಾಲ್ತಾ ಇಲ್ಲ ಮಾರಾಯ್ರೆ" ಎಂದು ಗ್ಯಾರೇಜಿಗೆ ಹೋದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: "ಎಲ್‌ಇಡಿ ಹಾಕ್ಸಿ ಬಿಡಿ." ನನ್ನ ಪ್ರಕಾರ ಅದು ಎಲ್ಲಕ್ಕಿಂತ ಕೊನೆಗೆ ಬರಬೇಕಾದ ಮಾತು, ಎಷ್ಟೋ ಕಾರುಗಳ ಮಟ್ಟಿಗೆ ಬರಲೇಬಾರದ ಮಾತು. ಕಾರು ಹೊಸದಿದ್ದಾಗ ಅದೇ ಬಲ್ಬಿನ ಬೆಳಕು ಸಾಕಾಗುತ್ತಿತ್ತಲ್ಲ? ಈಗ ಸಾಲುತ್ತಿಲ್ಲವೆಂದರೆ ನಡುವೆ ಎಲ್ಲೋ ಸೋರುತ್ತಿದೆ. ಹೊರಗಿನ ಪ್ಲಾಸ್ಟಿಕ್, ಅಂದರೆ ಲೆನ್ಸ್, ಮಬ್ಬಾಗಿರಬಹುದು, ಬೆಳಕನ್ನು ಮುಂದಕ್ಕೆ ತಿರುಗಿಸುವ ಒಳಗಿನ ರಿಫ್ಲೆಕ್ಟರಿನ ಬೆಳ್ಳಿ ಸುಲಿದಿರಬಹುದು, ಬಲ್ಬಿಗೆ ಪೂರ್ತಿ ಕರೆಂಟ್ ತಲುಪದೆ ಇರಬಹುದು, ದೀಪ ತಪ್ಪು ದಿಕ್ಕಿಗೆ ತಿರುಗಿರಬಹುದು. ಎಲ್ಲಿ ಸೋರುತ್ತಿದೆ ಎಂದು ತಿಳಿಯದೆ ದುಡ್ಡು ಹಾಕಿದರೆ ಮಬ್ಬು ಲೆನ್ಸಿನ ಹಿಂದೆ ದುಬಾರಿ ಬಲ್ಬ್ ಉರಿಸಿದಂತಾಗುತ್ತದೆ, ಅಷ್ಟೆ.

ಮೊದಲು ಎಲ್ಲಿ ಸೋರುತ್ತಿದೆ ನೋಡಿ

ನೀರಿನಿಂದಲೇ ಶುರು ಮಾಡಬಹುದು. ಹೆಡ್‌ಲೈಟ್ ತೊಳೆದು, ಒದ್ದೆಯಿರುವಾಗಲೇ ನೋಡಿ. ಒದ್ದೆಯಿರುವಷ್ಟು ಹೊತ್ತು ತಿಳಿಯಾಗಿ ಕಂಡು, ಒಣಗುತ್ತಿದ್ದಂತೆ ಮತ್ತೆ ಮಬ್ಬಾದರೆ ತೊಂದರೆ ಹೊರಮೈಯದು; ಉಜ್ಜಿದರೆ ಹೋಗುತ್ತದೆ. ಒದ್ದೆಯಾದಾಗಲೂ ಮಬ್ಬು ಹಾಗೇ ಇದ್ದರೆ ಒಳಮೈಯಲ್ಲಿ ಧೂಳೋ ತೇವವೋ ಕೂತಿದೆ, ಇಲ್ಲವೇ ಪ್ಲಾಸ್ಟಿಕ್ಕಿನ ಒಳಗೇ ಕೂದಲೆಳೆಯಂಥ ಬಿರುಕುಗಳು ಎದ್ದಿವೆ. ಹೊರಗಿನಿಂದ ಎಷ್ಟು ಉಜ್ಜಿದರೂ ಅದಕ್ಕೆ ಮದ್ದಿಲ್ಲ.

ಆಮೇಲೆ ಲೆನ್ಸಿನ ಮೂಲಕ ಒಳಗೆ ಟಾರ್ಚ್ ಬೆಳಕು ಬಿಟ್ಟು ರಿಫ್ಲೆಕ್ಟರ್ ನೋಡಿ. ಬಲ್ಬಿನ ಮೇಲ್ಭಾಗದಲ್ಲಿ ಕಂದು ಕಲೆಯೋ, ಬೆಳ್ಳಿ ಸುಲಿದ ಗುರುತೋ ಇದ್ದರೆ ಆ ಸೆಟ್ಟಿನ, ಅಂದರೆ ಲೆನ್ಸ್, ರಿಫ್ಲೆಕ್ಟರ್ ಸೇರಿದ ಇಡೀ ಹೆಡ್‌ಲೈಟಿನ, ಆಯಸ್ಸು ಮುಗಿಯಿತೆಂದೇ ಲೆಕ್ಕ. ಒಳಗೆ ಬಟ್ಟೆ ತೂರಿಸಿ ಒರೆಸಲು ಹೋಗಬೇಡಿ. ಆ ಬೆಳ್ಳಿಯ ಪದರ ಎಷ್ಟು ತೆಳುವೆಂದರೆ ಬಟ್ಟೆಯ ಜೊತೆ ಎದ್ದು ಬಂದೀತು.

ಮೂರನೆಯದು ಕರೆಂಟ್. ಕರಾವಳಿಯವರು ಇದನ್ನು ಬಿಡಲೇಬಾರದು. ಉಪ್ಪುಗಾಳಿಗೆ ಹೋಲ್ಡರಿನ ಪಿನ್ನುಗಳು, ಅರ್ತ್ ವಯರಿನ ಬೋಲ್ಟ್ ಹಸಿರುಗಟ್ಟುತ್ತವೆ. ಎಂಜಿನ್ ಚಾಲೂ ಇಟ್ಟು ಬ್ಯಾಟರಿಯ ಮೇಲೆ ಮೀಟರ್ ಹಿಡಿದರೆ ಹದಿನಾಲ್ಕರ ಆಸುಪಾಸು ವೋಲ್ಟ್ ತೋರಿಸುತ್ತದೆ. ಲೈಟ್ ಉರಿಯುತ್ತಿರುವಾಗಲೇ ಬಲ್ಬಿನ ಪಿನ್ನಿನಲ್ಲಿ ಅಳೆದು ನೋಡಿ. ಬ್ಯಾಟರಿಯಲ್ಲಿ ಕಂಡದ್ದಕ್ಕಿಂತ ಅರ್ಧ ವೋಲ್ಟಿಗೂ ಮಿಕ್ಕಿ ಇಳಿದಿದ್ದರೆ ದಾರಿಯಲ್ಲಿ ಕಳುವಾಗುತ್ತಿದೆ. ಹ್ಯಾಲೊಜೆನ್ ಬಲ್ಬಿಗೆ, ಅಂದರೆ ತಂತಿ ಕಾದು ಉರಿಯುವ ಮಾಮೂಲಿ ಹೆಡ್‌ಲೈಟ್ ಬಲ್ಬಿಗೆ, ವೋಲ್ಟೇಜ್ ಶೇಕಡಾ 10 ಇಳಿದರೆ ಬೆಳಕು ಸುಮಾರು ಶೇಕಡಾ 30 ಇಳಿಯುತ್ತದೆ. ಉಪ್ಪು ಕಾಗದದಿಂದ ಅರ್ತಿನ ಜಾಗ ಉಜ್ಜಿ ಬಿಗಿ ಮಾಡಿದರೆ ತೀರುವ ತೊಂದರೆಗೆ ಎಷ್ಟೋ ಜನ ಸಾವಿರಗಟ್ಟಲೆ ಖರ್ಚು ಮಾಡಿ ಬರುತ್ತಾರೆ.

ಲೆನ್ಸ್ ಹಳದಿಯಾಗುವುದು ಯಾಕೆ

ಅಂಬಾಸಿಡರ್, ಹಳೆಯ ಮಾರುತಿ 800ರ ಕಾಲದಲ್ಲಿ ಮುಂದಿದ್ದದ್ದು ಗಾಜು. ಕಲ್ಲು ಬಿದ್ದರೆ ಒಡೆಯುತ್ತಿತ್ತು, ಆದರೆ ಹಳದಿಯಾಗುತ್ತಿರಲಿಲ್ಲ. ಈಗಿನದು ಪಾಲಿಕಾರ್ಬೊನೇಟ್. ಗಟ್ಟಿ, ಹಗುರ, ಬೇಕಾದ ಆಕಾರಕ್ಕೆ ಬಗ್ಗುತ್ತದೆ. ಆದರೆ ಬಿಸಿಲಿನ ನೇರಳಾತೀತ ಕಿರಣಕ್ಕೆ ತಾಳುವುದಿಲ್ಲ. ಅದಕ್ಕೇ ಕಾರ್ಖಾನೆಯಲ್ಲಿ ಮೇಲೊಂದು ಗಟ್ಟಿ ಪದರ ಬಳಿದಿರುತ್ತಾರೆ. ಆ ಪದರ ಸವೆದ ಜಾಗದಿಂದಲೇ ಹಳದಿ ಶುರು. ದಿನವೂ ಒಂದೇ ದಿಕ್ಕಿಗೆ ಮುಖ ಮಾಡಿ ಕಾರು ನಿಲ್ಲಿಸುವವರ ಗಾಡಿಯಲ್ಲಿ ಒಂದು ಕಣ್ಣು ಹೆಚ್ಚು, ಇನ್ನೊಂದು ಕಮ್ಮಿ ಹಳದಿಯಾಗಿರುವುದನ್ನು ಗಮನಿಸಿ.

ಪದರವನ್ನು ಸವೆಸುವುದು ಬಿಸಿಲೊಂದೇ ಅಲ್ಲ. ಚಿರೆಕಲ್ಲಿನ ಕೆಂಪು ಧೂಳು ಕೂತ ಲೆನ್ಸನ್ನು ಒಣ ಬಟ್ಟೆಯಿಂದ ಒರೆಸುವ ಅಭ್ಯಾಸ ನಮ್ಮಲ್ಲಿದೆ. ಪ್ರತಿ ಸಲ ಒರೆಸಿದಾಗಲೂ ಸಣ್ಣ ಗೀರು ಏಳುತ್ತದೆ. ಮೊದಲು ಒಂದು ಚೆಂಬು ನೀರು ಸುರಿದು ಧೂಳು ಇಳಿಸಿ, ಆಮೇಲೆ ಶಾಂಪೂ ನೀರಿನ ಮೆತ್ತನೆ ಬಟ್ಟೆ. ಮಳೆ ಹಿಡಿಯುವ ಹೊತ್ತಿಗೆ ರಾತ್ರಿ ಅಂಟಿಕೊಂಡ ಮಳೆಹುಳವನ್ನು ಉಗುರಿನಿಂದ ಕೆರೆಯುವ ಬದಲು ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಹಾಗೇ ಅಂಟಿಸಿಟ್ಟರೆ ನೆನೆದು ಬರುತ್ತದೆ.

ಉಜ್ಜುವ ದಾರಿಗಳು

ಟೂತ್‌ಪೇಸ್ಟ್ ಎಲ್ಲರಿಗೂ ಗೊತ್ತಿರುವ ಉಪಾಯ. ಸುಳ್ಳಲ್ಲ, ಪೇಸ್ಟಿನಲ್ಲಿರುವ ನುಣ್ಣನೆಯ ಉಜ್ಜುಪುಡಿ ಮೇಲಿನ ಮಬ್ಬನ್ನು ಸ್ವಲ್ಪ ತೆಗೆಯುತ್ತದೆ. ಆದರೆ ಕೆಲವು ವಾರಗಳಲ್ಲಿ ಮಬ್ಬು ವಾಪಸ್. ಅಳಿದುಳಿದ ಕಾವಲು ಪದರವನ್ನೂ ಉಜ್ಜಿ ತೆಗೆದು, ಬದಲಿಗೆ ಏನೂ ಬಳಿಯದೆ ಬಿಟ್ಟಿರುತ್ತೇವಲ್ಲ. ನಾಳೆ ಮದುವೆ ದಿಬ್ಬಣಕ್ಕೆ ಗಾಡಿ ಚೆಂದ ಕಾಣಬೇಕು ಎನ್ನುವವರಿಗೆ ಸರಿ. ಸೊಳ್ಳೆ ಓಡಿಸುವ ಸ್ಪ್ರೇ ಹೊಡೆದು ಒರೆಸಿದರೆ ಥಳಥಳ ಎನ್ನುತ್ತದೆ ಎಂಬ ವಿಡಿಯೊಗಳೂ ಓಡಾಡುತ್ತವೆ. ಅದರಲ್ಲಿರುವ ಡೀಟ್ ಎಂಬ ರಾಸಾಯನಿಕ ಪ್ಲಾಸ್ಟಿಕ್ಕಿನ ಮೈಯನ್ನೇ ಕರಗಿಸುತ್ತದೆ, ಹೊಳಪು ಬರುವುದು ಅದಕ್ಕೇ. ಪೆಟ್ರೋಲ್, ಥಿನ್ನರ್ ಕೂಡ ಹತ್ತಿರ ತರಬೇಡಿ, ಬಿರುಕು ಬಿಡುತ್ತದೆ.

ಈಚೆಗೆ ಬಂದಿರುವ ಇನ್ನೊಂದು ಪದ್ಧತಿ ಹಬೆ ಪಾಲಿಶ್. ಬಿಸಿ ಮಾಡುವ ಪುಟ್ಟ ಲೋಟದಲ್ಲಿ ದ್ರಾವಣ ಹಾಕಿ, ಅದರ ಆವಿಯನ್ನು ಲೆನ್ಸಿನ ಮೇಲೆ ಹಾಯಿಸುತ್ತಾರೆ. ಎರಡು ನಿಮಿಷದಲ್ಲಿ ಹೊಸದರಂತೆ ಹೊಳೆಯುತ್ತದೆ, ನೋಡಿದವರು ಮರುಳಾಗುವುದು ಸಹಜ. ಒಳಗಿರುವುದು ಪ್ಲಾಸ್ಟಿಕ್ ಕರಗಿಸುವ, ಉಸಿರಿಗೆ ಕೆಟ್ಟದಾದ ದ್ರಾವಣ. ಮೈ ಕರಗಿ ನಯವಾಗುತ್ತದೆಯೇ ಹೊರತು ಬಿಸಿಲಿನಿಂದ ಕಾಯುವ ಪದರವೇನೂ ಬರುವುದಿಲ್ಲ. ಮುಂದೆ ಒಳಬಿರುಕು ಏಳುವ ಅಪಾಯ ಬೇರೆ. ಕಾರು ಮಾರುವವರಿಗೆ ಅನುಕೂಲ, ಕೊಳ್ಳುವವರಿಗಲ್ಲ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಹತ್ತು ವರ್ಷದ ಗಾಡಿಯಲ್ಲಿ ಲೆನ್ಸ್ ಮಾತ್ರ ಕನ್ನಡಿಯಂತಿದ್ದರೆ ಒಂದು ಮಾತು ಕೇಳಿಯೇ ಬಿಡಿ.

ಸರಿಯಾದ ಕೆಲಸವೆಂದರೆ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಉಪ್ಪು ಕಾಗದ; ನಂಬರ್ ಹೆಚ್ಚಿದಷ್ಟೂ ನುಣುಪು. ಇದನ್ನು ಮನೆಯಲ್ಲೂ ಮಾಡಬಹುದು, ಪೇಂಟಿಂಗ್ ಅಂಗಡಿಯಲ್ಲೂ ಮಾಡಿಸಬಹುದು. ಸುತ್ತಲಿನ ಪೇಂಟಿಗೆ ಮಾಸ್ಕಿಂಗ್ ಟೇಪ್ ಎರಡು ಸುತ್ತು ಹಚ್ಚಿ. 1000ದ ಪೇಪರಿನಿಂದ ಶುರು ಮಾಡಿ 2000, ಆಮೇಲೆ 3000. ಹಳೆಯ ಪದರ ಹಪ್ಪಳೆಯೆದ್ದಿದ್ದರೆ 800ರಿಂದ ಶುರು. ಉದ್ದಕ್ಕೂ ನೀರು ಬಿಡುತ್ತಿರಬೇಕು. ಮೊದಲು ಇಳಿಯುವ ನೀರು ಹಳದಿಯಾಗಿರುತ್ತದೆ. ಅದು ಹಾಲಿನ ಬಣ್ಣಕ್ಕೆ ತಿರುಗಿದಾಗ ಒಳ್ಳೆಯ ಪ್ಲಾಸ್ಟಿಕ್ ಸಿಕ್ಕಿತೆಂದು ಅರ್ಥ. ಅವಸರ ಮಾಡುವವರು ಸೋಲುವುದು ಈ ಮೊದಲ ಹಂತದಲ್ಲೇ. ಮೂಲೆಯಲ್ಲಿ ಹಳೆಯ ಪದರ ಅಲ್ಲಲ್ಲಿ ಉಳಿದರೆ ಕೊನೆಗೆ ಅದೇ ನಕ್ಷೆಯಂತೆ ಎದ್ದು ಕಾಣುತ್ತದೆ. ಒಂದು ಪೇಪರಿನಲ್ಲಿ ಅಡ್ಡಡ್ಡ ಉಜ್ಜಿದರೆ ಮುಂದಿನದರಲ್ಲಿ ಉದ್ದುದ್ದ ಉಜ್ಜಿ; ಹಿಂದಿನ ಗೀರು ಹೋಯಿತೋ ಇಲ್ಲವೋ ಆಗ ಗೊತ್ತಾಗುತ್ತದೆ. ಕೊನೆಗೆ ಕಾಂಪೌಂಡ್ (ಹೊಳಪು ಕೊಡುವ ಪೇಸ್ಟ್) ಹಾಕಿ ಪಾಲಿಶ್.

ಬಹಳ ಜನ ಇಲ್ಲಿಗೆ ನಿಲ್ಲಿಸುತ್ತಾರೆ, ಬಹಳ ಅಂಗಡಿಗಳೂ ಕೂಡ. ಅಸಲಿ ಆಯ್ಕೆ ಇರುವುದು ಇದಾದ ಮೇಲೆ ಏನು ಬಳಿಯುತ್ತೀರಿ ಎನ್ನುವುದರಲ್ಲಿ. ಬರೀ ವ್ಯಾಕ್ಸ್ ಆದರೆ ಒಂದೆರಡು ತಿಂಗಳು. ನೆನಪಿಟ್ಟು ಮತ್ತೆ ಮತ್ತೆ ಹಚ್ಚುವ ತಾಳ್ಮೆಯಿದ್ದವರಿಗೆ ಅದೂ ನಡೆಯುತ್ತದೆ. ಅಂಗಡಿಯ ಪಾಲಿಶ್ ಕಿಟ್ಟಿನ ಜೊತೆ ಬರುವ, ನೇರಳಾತೀತ ಕಿರಣ ತಡೆಯುವ ಯುವಿ ದ್ರಾವಣ ಅದಕ್ಕಿಂತ ವಾಸಿ. ಟೂ-ಕೆ ಕ್ಲಿಯರ್ ಕೋಟ್, ಅಂದರೆ ಗಟ್ಟಿಯಾಗಿಸುವ ದ್ರಾವಣ ಬೆರೆಸಿ ಹೊಡೆಯುವ ಪಾರದರ್ಶಕ ಪೇಂಟ್, ಚೆನ್ನಾಗಿ ಕೂತರೆ ವರ್ಷಗಟ್ಟಲೆ ಬಾಳುತ್ತದೆ. ಇದನ್ನು ಮನೆಯಲ್ಲಿ ಹೊಡೆಯಬೇಡಿ. ಅದರಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ಶ್ವಾಸಕೋಶಕ್ಕೆ ಕೆಟ್ಟದ್ದು, ಮೂಗಿಗೆ ಕಟ್ಟಿದ ಟವೆಲ್ ಅದನ್ನು ತಡೆಯುವುದಿಲ್ಲ. ಪೇಂಟ್ ಬೂತ್ ಇರುವ ಅಂಗಡಿಯೇ ಆಗಬೇಕು. ದರ ಕೇಳುವಾಗ "ಪಾಲಿಶಿಗೆ ಎಷ್ಟು" ಎನ್ನುವ ಬದಲು "ಪಾಲಿಶ್ ಆದ ಮೇಲೆ ಏನು ಹೊಡೀತೀರಿ" ಎಂದು ಕೇಳಿ. ಉತ್ತರ ತಡವರಿಸಿದರೆ ಬೇರೆ ಅಂಗಡಿ.

ಹೊತ್ತು ಯಾವುದು ಎನ್ನುವುದೂ ಮುಖ್ಯ. ಜೂನ್, ಜುಲೈಯಲ್ಲಿ ಕಾರವಾರದ ಗಾಳಿಯಲ್ಲಿ ಕ್ಲಿಯರ್ ಕೋಟ್ ಹೊಡೆಸಿದರೆ ತೇವ ಸಿಕ್ಕಿಹಾಕಿಕೊಂಡು ಬಿಳಿ ಮಬ್ಬು ಬರುವ ಸಂಭವ ಹೆಚ್ಚು. ದೀಪಾವಳಿ ಕಳೆದ ಮೇಲಿಂದ ಮೇ ತಿಂಗಳ ಮಧ್ಯದವರೆಗೆ ಈ ಕೆಲಸಕ್ಕೆ ಹದವಾದ ಕಾಲ. ಮಳೆ ಶುರುವಾದ ಮೇಲೆ ನೆನಪಾಯಿತೆಂದರೆ ಉಜ್ಜಿ ವ್ಯಾಕ್ಸ್ ಹಚ್ಚಿಕೊಂಡು ಕಾಲ ತಳ್ಳಿ, ಕೋಟಿಂಗನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಿ.

ಸೆಟ್ ಬದಲಿಸುವುದಾದರೆ

ರಿಫ್ಲೆಕ್ಟರ್ ಸುಲಿದಿದ್ದರೆ, ಒಳಬಿರುಕು ಎದ್ದಿದ್ದರೆ, ಹಿಡಿಕೆ ಮುರಿದು ದೀಪ ಅಲ್ಲಾಡುತ್ತಿದ್ದರೆ ಉಜ್ಜುವ ಖರ್ಚು ವ್ಯರ್ಥ. ಹೊಸ ಸೆಟ್ಟಿಗೆ ಮೂರು ದಾರಿ. ಶೋರೂಮಿನ ಒರಿಜಿನಲ್ ದುಬಾರಿ, ಆದರೆ ಬೆಳಕಿನ ಗೆರೆ ಸರಿಯಾಗಿ ಬೀಳುತ್ತದೆ. ಲೂಮ್ಯಾಕ್ಸ್‌ನಂತೆ ಕಾರು ಕಂಪನಿಗಳಿಗೇ ದೀಪ ಒದಗಿಸುವ ತಯಾರಕರ ಸೆಟ್ಟುಗಳು ಬಿಡಿಭಾಗದ ಅಂಗಡಿಯಲ್ಲೂ ಸಿಗುತ್ತವೆ. ಹಳೆಯ ಮಾಡೆಲಿನವರಿಗೆ ನನ್ನ ಮೊದಲ ಸಲಹೆ ಇದೇ. ಹೆಸರಿಲ್ಲದ ಲೋಕಲ್ ಸೆಟ್ಟಿನಲ್ಲಿ ಪ್ಲಾಸ್ಟಿಕ್ಕಿನ ಪದರ ತೆಳು, ರಿಫ್ಲೆಕ್ಟರಿನ ಆಕಾರ ಒರಟು. ಬೇಗ ಹಳದಿಯಾಗುತ್ತದೆ, ಹೊಸದಿದ್ದಾಗಲೂ ಬೆಳಕು ಚೆಲ್ಲಾಪಿಲ್ಲಿ. ಹುಬ್ಬಳ್ಳಿಯ ಗುಜರಿಯಲ್ಲಿ ಸಿಗುವ ಹಳೆಯ ಒರಿಜಿನಲ್ಲೇ ಅದಕ್ಕಿಂತ ಮೇಲು, ಹಿಡಿಕೆಗಳು ಗಟ್ಟಿಯಿವೆಯೇ ಎಂದು ನೋಡಿಕೊಂಡರೆ.

ಬಲ್ಬಿನ ಆಯ್ಕೆ

ಆಲ್ಟೊ, ವ್ಯಾಗನ್‌ಆರ್ ಮುಂತಾದ ಎಷ್ಟೋ ಕಾರುಗಳಲ್ಲಿ ಇರುವುದು ಮೂರು ಪಿನ್ನಿನ ಎಚ್4 ಬಲ್ಬ್. 60/55 ವ್ಯಾಟ್, ಒಂದೇ ಬಲ್ಬಿನಲ್ಲಿ ಹೈ ಬೀಮಿಗೊಂದು ಡಿಮ್ಮಿಗೊಂದು ತಂತಿ. ಹ್ಯಾಲೊಜೆನ್ ಒಮ್ಮೆಲೇ ಸುಟ್ಟುಹೋಗುವ ಮುನ್ನ ನಿಧಾನವಾಗಿ ಮಂಕಾಗುತ್ತದೆ, ದಿನವೂ ನೋಡುವವರಿಗೆ ಅದು ತಿಳಿಯುವುದೇ ಇಲ್ಲ. ಗಾಜು ಬೂದಿ ಬಣ್ಣಕ್ಕೆ ತಿರುಗಿದ್ದರೆ ಬದಲಿಸಿ, ಎರಡನ್ನೂ ಒಟ್ಟಿಗೇ. ಗಾಜನ್ನು ಬರಿಗೈಲಿ ಮುಟ್ಟಬೇಡಿ. ಬೆರಳಿನ ಎಣ್ಣೆ ಹತ್ತಿದ ಜಾಗ ಹೆಚ್ಚು ಕಾದು ಬಲ್ಬ್ ಬೇಗ ಹೋಗುತ್ತದೆ.

ಅದೇ ವ್ಯಾಟಿನಲ್ಲಿ "ಹೆಚ್ಚು ಬೆಳಕು" ಎಂದು ಬರೆದಿರುವ ಒಳ್ಳೆಯ ಕಂಪನಿಯ ಬಲ್ಬುಗಳೂ ಇವೆ. ತಂತಿಯನ್ನು ಇನ್ನಷ್ಟು ಕರಾರುವಾಕ್ಕಾಗಿ ಕೂರಿಸಿ, ಹೆಚ್ಚು ಕಾಯಿಸಿ ಉರಿಸುತ್ತಾರೆ. ಬೆಳಕು ದೂರ ಹೋಗುತ್ತದೆ, ಆಯಸ್ಸು ಕಮ್ಮಿ. ತಿಂಗಳಿಗೆ ನಾಲ್ಕು ಆಟ ನೋಡಿ ನಸುಕಿನಲ್ಲಿ ಮನೆಗೆ ಬರುವ ಯಕ್ಷಗಾನದ ಹುಚ್ಚಿನವರಿಗೆ ಇದು ದುಡ್ಡಿಗೆ ತಕ್ಕ ವಸ್ತು. ನೀಲಿ ಬಳಿದ "ಸೂಪರ್ ವೈಟ್" ಹ್ಯಾಲೊಜೆನ್ ಮಾತ್ರ ಬೇಡವೇ ಬೇಡ. ಆ ನೀಲಿ ಬಣ್ಣ ಬೆಳಕನ್ನು ಸೋಸಿ ಕಮ್ಮಿ ಮಾಡುತ್ತದೆ, ಮಳೆಯಲ್ಲಿ ಒದ್ದೆ ಡಾಂಬರಿನ ಮೇಲೆ ಬಿದ್ದದ್ದೇ ಗೊತ್ತಾಗುವುದಿಲ್ಲ.

100/90 ವ್ಯಾಟಿನ ಬಲ್ಬ್ ಲಾರಿ, ಜೀಪಿನವರ ಹಳೆಯ ಪ್ರೀತಿ. ಕಂಪನಿಯ ವಯರಿಂಗ್ ಅಷ್ಟು ಕರೆಂಟಿಗೆ ಮಾಡಿದ್ದಲ್ಲ. ಹೋಲ್ಡರ್ ಕರಗುತ್ತದೆ, ರಿಫ್ಲೆಕ್ಟರ್ ಸುಡುತ್ತದೆ, ಲೆನ್ಸ್ ಒಳಗಿನಿಂದ ಹಳದಿಯಾಗುತ್ತದೆ, ರಸ್ತೆಯ ಮೇಲೆ ಕಾನೂನಿಗೂ ವಿರುದ್ಧ. ಅದರ ಬದಲು 60/55 ಬಲ್ಬನ್ನೇ ಇಟ್ಟುಕೊಂಡು ರಿಲೇ ವಯರಿಂಗ್ ಕಿಟ್ ಹಾಕಿಸಿ; ಸುಮಾರು ಸಾವಿರ ರೂಪಾಯಿಯ ಆಚೀಚೆ ಆಗುತ್ತದೆ. ಸ್ವಿಚ್ಚಿನ ಮೂಲಕ ಸುತ್ತಿ ಬರುತ್ತಿದ್ದ ಕರೆಂಟ್ ಬ್ಯಾಟರಿಯಿಂದ ನೇರ ದಪ್ಪ ವಯರಿನಲ್ಲಿ ಬರುತ್ತದೆ. ವಯರಿಂಗ್ ಹಳತಾದ ಕಾರಿನಲ್ಲಿ ಇದರಷ್ಟು ಕಣ್ಣಿಗೆ ಕಾಣುವ ಲಾಭ ಬೇರೊಂದಿಲ್ಲ. ಹೊಸ ಕಾರುಗಳಲ್ಲಿ ದೀಪವನ್ನು ಕಂಪ್ಯೂಟರ್ ಪೆಟ್ಟಿಗೆ ನಿಯಂತ್ರಿಸುತ್ತದೆ. ಅಲ್ಲಿ ವಯರ್ ಕತ್ತರಿಸುವ ಗೊಡವೆಗೆ ಹೋಗಬೇಡಿ.

ಇನ್ನು ಎಲ್‌ಇಡಿ. ಕಾರ್ಖಾನೆಯಿಂದಲೇ ಬಂದ ಎಲ್‌ಇಡಿ ಹೆಡ್‌ಲೈಟ್ ಒಳ್ಳೆಯದೇ, ಅದರ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಹ್ಯಾಲೊಜೆನ್ನಿಗಾಗಿ ಮಾಡಿದ ರಿಫ್ಲೆಕ್ಟರಿಗೆ ಎಲ್‌ಇಡಿ ಬಲ್ಬ್ ತುರುಕುವುದಕ್ಕೆ. ರಿಫ್ಲೆಕ್ಟರಿನ ಒಂದೊಂದು ಬಾಗೂ ಆ ಸಣ್ಣ ತಂತಿ ಎಲ್ಲಿ ಉರಿಯುತ್ತದೆ ಎಂಬ ಲೆಕ್ಕದ ಮೇಲೆ ಮಾಡಿದ್ದು. ಎಲ್‌ಇಡಿಯಲ್ಲಿ ಬೆಳಕು ಹೊರಡುವುದು ಎರಡು ಪಕ್ಕದ ಚಪ್ಪಟೆ ಚಿಪ್‌ಗಳಿಂದ. ಲೆಕ್ಕ ತಪ್ಪಿ ಡಿಮ್ ಹಾಕಿದಾಗಲೂ ಬೆಳಕು ಮೇಲೆ ಚಿಮ್ಮಿ ಎದುರಿನವರ ಕಣ್ಣಿಗೆ ಬೀಳುತ್ತದೆ. ಅರಬೈಲಿನ ತಿರುವಿನಲ್ಲಿ ಎದುರಿನ ಲಾರಿ ಚಾಲಕನ ಕಣ್ಣು ಕುರುಡಾದರೆ ಅಪಾಯ ಅವನೊಬ್ಬನಿಗಲ್ಲ. ಇನ್ನೊಂದು ಮೋಸವಿದೆ. ಕಾರಿನ ಮುಂದಿನ ಹತ್ತು ಹದಿನೈದು ಮೀಟರ್ ಬೆಳ್ಳಗೆ ಬೆಳಗುತ್ತದೆ, ಆಹಾ ಎನಿಸುತ್ತದೆ. ಆ ಬೆಳಕಿಗೆ ಕಣ್ಣಿನ ಪಾಪೆ ಕಿರಿದಾಗಿ ದೂರದ ಕತ್ತಲೆ ಇನ್ನಷ್ಟು ಕಪ್ಪಾಗುತ್ತದೆ. ರಸ್ತೆ ದಾಟುವ ಎಮ್ಮೆಯಿರುವುದು ಆ ದೂರದಲ್ಲೇ.

ನಮ್ಮ ಊರಿಗೆ ಹೊಂದುವ ಎರಡು ಮಾತನ್ನೂ ಸೇರಿಸಬೇಕು. ಈ ಬಲ್ಬುಗಳ ಹಿಂದೆ ಫ್ಯಾನೋ ದಪ್ಪ ಲೋಹದ ಬಾಲವೋ ಇರುತ್ತದೆ. ಹಿಂಬದಿಯ ರಬ್ಬರ್ ಟೋಪಿ ಅದರ ಮೇಲೆ ಸರಿಯಾಗಿ ಕೂರದಿದ್ದರೆ ಮೊದಲ ಮಳೆಗೇ ಒಳಗೆ ತೇವ. ಉಪ್ಪುಗಾಳಿಗೆ ಆ ಪುಟ್ಟ ಫ್ಯಾನ್ ಎಷ್ಟು ದಿನ ತಿರುಗೀತು? ಕಾನೂನೂ ಇದರ ಪರವಾಗಿಲ್ಲ. ಮೋಟಾರು ವಾಹನ ಕಾಯ್ದೆಯ ಕಲಂ 52 ತಯಾರಕರ ಮೂಲ ವಿವರಗಳನ್ನು ಬದಲಿಸುವುದನ್ನು ತಡೆಯುತ್ತದೆ. 2024ರ ಜುಲೈಯಿಂದ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ಪ್ರಕರಣ ಹಾಕಲು ಹೊರಟಿದ್ದೂ ನೆನಪಿರಬಹುದು. ಪ್ರೊಜೆಕ್ಟರ್, ಅಂದರೆ ಬೆಳಕನ್ನು ಒಟ್ಟುಗೂಡಿಸಿ ಬಿಡುವ ಗುಂಡು ಮಸೂರದ ಘಟಕ, ಕೂರಿಸಿ ಎಲ್‌ಇಡಿ ಹಾಕಿದರೆ ಬೆಳಕಿನ ಗೆರೆ ಚೊಕ್ಕವಾಗಿ ಬರುತ್ತದೆ, ನಿಜ. ಆದರೆ ಹೆಡ್‌ಲೈಟನ್ನು ಬಿಸಿ ಮಾಡಿ ಬಿಚ್ಚಿ ಮತ್ತೆ ಅಂಟಿಸಬೇಕು. ಆ ಅಂಟು ಒಂದಿಂಚು ತಪ್ಪಿದರೂ ಆಷಾಢದಲ್ಲಿ ದೀಪದೊಳಗೆ ನೀರು.

ಮಂಜಿಗೆ ಬೇರೆಯೇ ಲೆಕ್ಕ. ದೇವಿಮನೆಯಲ್ಲಿ ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದು ನಿಲ್ಲುತ್ತದೆ, ಬಲ್ಬ್ ಯಾವುದೇ ಇರಲಿ. ಅಲ್ಲಿ ಕೆಲಸಕ್ಕೆ ಬರುವುದು ಬಂಪರಿನ ಕೆಳಗಿನ ಫಾಗ್ ಲೈಟ್. ತಗ್ಗಿನಲ್ಲಿ ಕೂತು, ಅಗಲವಾಗಿ, ಮೇಲಕ್ಕೆ ಚೆಲ್ಲದೆ ಬೆಳಕು ಬಿಡುತ್ತದೆ. ಹಳದಿಯೋ ಬಿಳಿಯೋ ಎಂಬ ಚರ್ಚೆಗೆ ಕೊನೆಯಿಲ್ಲ. ಹಳದಿ ಕಣ್ಣಿಗೆ ಹಿತ ಎನ್ನುವುದು ನನ್ನ ಮತ. ಆದರೆ ಬಣ್ಣಕ್ಕಿಂತ ಅದು ಎಷ್ಟು ಕೆಳಗೆ ಕೂತಿದೆ ಎನ್ನುವುದೇ ಹೆಚ್ಚು.

ಖರ್ಚಿಲ್ಲದ ರಿಪೇರಿ

ಯಾವ ದಾರಿ ಹಿಡಿದರೂ ಕೊನೆಗೆ ದೀಪದ ದಿಕ್ಕು ಸರಿಪಡಿಸಬೇಕು. ಇದನ್ನೇ ಮೊದಲು ಮಾಡಿದರೂ ಆದೀತು. ಕೆಲವರಿಗೆ ಬೇರೇನೂ ಬೇಕಾಗುವುದಿಲ್ಲ. ಗಾಳಿ ಸರಿಯಿರುವ ಟೈರುಗಳ ಮೇಲೆ, ಸಮತಟ್ಟು ಜಾಗದಲ್ಲಿ, ಗೋಡೆಯಿಂದ ಐದು ಮೀಟರ್ ದೂರ ಕಾರು ನಿಲ್ಲಿಸಿ. ಅಡಿಕೆ ಒಣಗಿಸುವ ಅಂಗಳ ಸಿಕ್ಕರೆ ಒಳ್ಳೆಯದು, ನೀರು ಹರಿದು ಹೋಗಲು ಕೊಟ್ಟ ಇಳಿಜಾರು ಇಲ್ಲದಿದ್ದರೆ. ಬಲ್ಬಿನ ನಡುಮಟ್ಟದ ಎತ್ತರವನ್ನು ಗೋಡೆಯ ಮೇಲೆ ಗುರುತು ಮಾಡಿ. ಡಿಮ್ ಹಾಕಿದಾಗ ಬೆಳಕಿನ ಮೇಲಂಚು ಆ ಗುರುತಿಗಿಂತ ಸುಮಾರು ಐದು ಸೆಂಟಿಮೀಟರ್ ಕೆಳಗೆ ಬೀಳಬೇಕು, ಎಡಬದಿಯಲ್ಲಿ ಸ್ವಲ್ಪ ಮೇಲೇರಬೇಕು. ತಪ್ಪಿದ್ದರೆ ಹೆಡ್‌ಲೈಟಿನ ಹಿಂದಿರುವ ಸ್ಕ್ರೂ ತಿರುಗಿಸಿ ಸರಿ ಮಾಡಬಹುದು. ಸ್ಟೀರಿಂಗ್ ಪಕ್ಕ 0ಯಿಂದ 3ರವರೆಗಿನ ಚಕ್ರ ಇದ್ದರೆ ಈ ಕೆಲಸದ ಹೊತ್ತಿಗೆ 0ಯಲ್ಲಿರಲಿ. ಡಿಕ್ಕಿ ತುಂಬ ಅಡಿಕೆ ಚೀಲ ಹೇರಿದ ದಿನ ಕಾರಿನ ಮೂತಿ ಮೇಲೇಳುತ್ತದೆ. ಚಕ್ರವನ್ನು 2ಕ್ಕೋ 3ಕ್ಕೋ ತಿರುಗಿಸಿಕೊಳ್ಳಿ. ಅದು ಇರುವುದೇ ಅದಕ್ಕೆ, ಮುಟ್ಟುವವರು ಕಮ್ಮಿ.

ಮಳೆಗಾಲದ ಬೆಳಿಗ್ಗೆ ಲೆನ್ಸಿನ ಒಳಗೆ ತೆಳು ಆವಿ ಕಂಡರೆ ಗಾಬರಿ ಬೇಡ. ಲೈಟ್ ಹಾಕಿಕೊಂಡು ಓಡಿಸಿದ ಮೇಲೆ ಹೋದರೆ ಅದು ಸಹಜ. ಹನಿಗಟ್ಟಿ ತಳದಲ್ಲಿ ನೀರು ನಿಂತರೆ ರಬ್ಬರ್ ಟೋಪಿ, ಗಾಳಿಯಾಡುವ ಕೊಳವೆ, ಲೆನ್ಸಿನ ಅಂಚಿನ ಬಿರುಕು, ಈ ಮೂರರಲ್ಲಿ ಒಂದು.

ಹೊಸದಾಗಿ ಎಲ್‌ಇಡಿ ಹೆಡ್‌ಲೈಟಿನ ಕಾರು ಕೊಂಡವರ ಲೆಕ್ಕ ಬೇರೆ. ಅವುಗಳಲ್ಲಿ ಸಾಮಾನ್ಯವಾಗಿ ಬದಲಿಸಲು ಬಲ್ಬೇ ಇರುವುದಿಲ್ಲ. ಲೆನ್ಸ್ ಹಾಳಾದರೆ ಇಡೀ ಸೆಟ್ ಹೋಗಬೇಕು, ಅದರ ಬೆಲೆ ಹತ್ತಾರು ಸಾವಿರಕ್ಕೆ ಹೋಗುತ್ತದೆ. ಅಂಥವರು ಲೆನ್ಸ್ ಇನ್ನೂ ಗಾಜಿನಂತಿರುವಾಗಲೇ ಪಾರದರ್ಶಕ ಪಿಪಿಎಫ್ (ಪೇಂಟ್ ಕಾಯುವ ದಪ್ಪ ಪ್ಲಾಸ್ಟಿಕ್ ಹಾಳೆ) ಫಿಲ್ಮ್ ಅಂಟಿಸಿಕೊಳ್ಳುವುದು ಲೇಸು. ಬಿಸಿಲು, ಗೀರು, ಲಾರಿ ಚಿಮ್ಮಿಸುವ ಜಲ್ಲಿಕಲ್ಲು ಎಲ್ಲ ಮೊದಲು ಫಿಲ್ಮಿಗೆ ತಾಗುತ್ತವೆ. ಕೆಲವು ವರ್ಷಗಳಲ್ಲಿ ಫಿಲ್ಮೇ ಹಳದಿಯಾಗುತ್ತದೆ, ಆಗ ಅದನ್ನು ಸುಲಿದು ಬೇರೆ ಅಂಟಿಸಿದರಾಯಿತು. ಬಣ್ಣದ ಫಿಲ್ಮ್, ಕಪ್ಪು ಹೊಗೆಬಣ್ಣದ ಫಿಲ್ಮ್ ತೋರಿಸಿದರೆ ಬೇಡವೆನ್ನಿ.